ಒಂದೂ ಬಿಡಬಾರದು

ಆ ದಿನ ನನ್ನ ಸೊಸೆ ವಿದ್ಯಾವತಿ ಸುಟ್ಟ ರೊಟ್ಟಿಗಳಿಂದ ದಾಂಡೇಲಿಯಿಂದ ಹಳಿಯಾಳದವರೆಗೆ ರಸ್ತೆಗೆ ಡಾಂಬರು ಹಾಕಬಹುದಿತ್ತು. ಇದರಲ್ಲಿ ಸುಳ್ಳಿದ್ದರೆ ನನ್ನ ಬಾಯಲ್ಲಿ ಉಳಿದಿರುವ ನಾಲ್ಕು ಹಲ್ಲೂ ಉದುರಲಿ. ಹಂಚಿನ ಮೇಲೆ ರೊಟ್ಟಿ ಹೊಗೆಯಾಡುತ್ತಿದೆ, ಈಕೆ ಕಿಡಕಿಯ ಹತ್ತಿರ ನಿಂತು ಯಾರದೋ ಲಗ್ನಪತ್ರಿಕೆಯ ಹಿಂಬದಿಗೆ ಪೆನ್ಸಿಲು ಆಡಿಸುತ್ತಿದ್ದಾಳೆ. ಹೊರಗೆ ಎದುರುಮನೆಯ ಮುದಕಪ್ಪ ಕಟ್ಟೆಯ ಮೇಲೆ ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದ. ಆ ಬಾಯಿಯೊಳಗೆ ಒಂದು ಆಟೋ ಹೋಗಿ ತಿರುಗಿಸಿಕೊಂಡು ಬರಬಹುದು, ಅಷ್ಟು ದೊಡ್ಡದು.

"ವಿದ್ಯಾ, ರೊಟ್ಟಿ!" ಎಂದು ಕೂಗಿದೆ.

"ತಡೀರಿ ಅತ್ತಿ, ಕಾಕಾ ಬಾಯಿ ಮುಚ್ಚೂದ್ರಾಗ ಮುಗಸಬೇಕು."

ಅಷ್ಟರಲ್ಲಿ ಮಗ ಶಿವಲಿಂಗ ಪಾಳಿ ಮುಗಿಸಿ ಬಂದು ಊಟಕ್ಕೆ ಕುಳಿತ. ಕಾಗದದ ಗಿರಣಿಗೆ ಕಟ್ಟಿಗೆ ಸಾಗಿಸುವ ಒಂದು ಲಾರಿ ಕಂಪನಿಯಲ್ಲಿ ಅವನು ಮುಕಾದಮ. ಅಲ್ಲಿ ಅವನ ದನಿ ಕೇಳಿದರೆ ಹಮಾಲರಿಗೆ ಚಳಿಜ್ವರ ಬರುತ್ತದಂತೆ. ಮನೆಯಲ್ಲಿ ಅದೇ ದನಿ ಕೇಳಿದರೆ ಬೆಕ್ಕು ಮಗ್ಗಲು ಬದಲಿಸುತ್ತದೆ, ಅಷ್ಟೇ.

"ಇದೇನು ರೊಟ್ಟಿಯೋ, ಇದ್ದಲಿಯೋ?"

"ಇದ್ದಲಿ ಆಗಿದ್ರ ನಾನ ಇಟ್ಕೋತಿದ್ನಿ. ಚಿತ್ರಾ ತಗಿಯಾಕ ಬರ್ತಿತ್ತು," ಎಂದಳು ಸೊಸೆ.

"ಕೇಳಿದೇನಬೇ ಯವ್ವಾ, ನಿನ್ನ ಸೊಸಿ ಮಾತು?"

"ಕೇಳಿದ್ನೆಪಾ. ನನಗ ಇನ್ನಷ್ಟು ಬದನಿಕಾಯಿ ಪಲ್ಯ ಹಾಕು ಅಂತ ಹೇಳು ಆಕಿಗೆ."

ಮೊಮ್ಮಗಳು ಸುಮನ ತಾಟಿನೊಳಗೆ ಮುಖ ಹುದುಗಿಸಿ ನಕ್ಕಳು. ಅವಳು ಕಾಲೇಜಿಗೆ ಹೋಗುತ್ತಾಳೆ. ಅವಳು ಆ ಕಡೆ ಬಸ್ಸು ಹತ್ತಿದ ಕೂಡಲೇ ಅವಳ ತಾಯಿ ಈ ಕಡೆ ಪೆನ್ಸಿಲು ಹಿಡಿಯುತ್ತಾಳೆ. ವಿದ್ಯಾವತಿ ಮುಂಡಗೋಡ ಕಡೆಯವಳು, ಏಳನೆಯ ಇಯತ್ತೆಯವರೆಗೆ ಕಲಿತಿದ್ದಾಳೆ, ಚಿತ್ರ ತೆಗೆಯುವುದನ್ನು ಯಾರೂ ಕಲಿಸಿಲ್ಲ. ಹಾಲಿನ ಕ್ಯಾನು ಹೊತ್ತ ಗೌಳಿ ಹೆಂಗಸು, ಜೋಯಿಡಾ ಬಸ್ಸಿನ ಬಾಗಿಲಿಗೆ ಬಾವಲಿಯ ಹಾಗೆ ಜೋತುಬಿದ್ದ ಕಂಡಕ್ಟರ, ಕಾಳಿ ನದಿಯಲ್ಲಿ ದೋಣಿ ಆಡಲು ಬರುವ ಹಳದಿ ಟೊಪ್ಪಿಗೆಯ ಪ್ರವಾಸಿಗಳು, ಎಲ್ಲರೂ ಅವಳ ಕೈಗೆ ಸಿಕ್ಕವರೇ. ಗೌಳಿ ಹೆಂಗಸಿನ ಚಿತ್ರ ನೋಡಿ ನಾನು ಎರಡು ಸಲ "ಹಾಲು ಬ್ಯಾಡವ್ವಾ ಇವತ್ತ" ಅಂದುಬಿಟ್ಟಿದ್ದೆ. ಅಷ್ಟು ಖರೆ ಇರುತ್ತಿತ್ತು.

ಜಗಳ ಹತ್ತಿದ್ದು ರದ್ದಿಯಿಂದ. ಒಂದು ಐತವಾರ ಶಿವಲಿಂಗ ಹಳೆಯ ಪೇಪರು ಕಟ್ಟಿ ರದ್ದಿಯವನಿಗೆ ಕೊಟ್ಟ. ಮಂಚದ ಕೆಳಗಿದ್ದ ಚಿತ್ರಗಳ ಗಂಟೂ ಅದರ ಜೊತೆಗೇ ಹೋಯಿತು. ಗೊತ್ತಿದ್ದು ಕೊಟ್ಟನೋ ಗೊತ್ತಿಲ್ಲದೆ ಕೊಟ್ಟನೋ, ಇವತ್ತಿಗೂ ಬಾಯಿ ಬಿಟ್ಟಿಲ್ಲ.

ವಿದ್ಯಾವತಿ ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ಗಂಡನಿಗೆ ಚಹಾ ಕೊಟ್ಟಳು. ಸಕ್ಕರೆ ಹಾಕಿರಲಿಲ್ಲ.

"ಎಲ್ಲೆ ಹೋದೂವ್ರೀ ನನ್ನ ಚಿತ್ರ?"

"ಎಲ್ಲೆ ಹೋಗ್ತಾವ? ರದ್ದಿ ಎಲ್ಲಾ ಅರದು ಮತ್ತ ಬಿಳೇ ಹಾಳಿ ಮಾಡ್ತಾರ. ಕೊಂಡ್ಕೊಂಡ ಬಂದು ಮತ್ತ ತಗಿ."

"ಹಂಗೇನು? ರದ್ದಿಯಂವಾ ತೂಕಕ್ಕ ಹಚ್ಚಲಾರದಂತಾದ್ರ ಮ್ಯಾಲೆ ತಗೀತೇನಿ. ತಡೀರಿ."

ಮರುದಿನ ಅವನು ಪಾಳಿಗೆ ಹೋದ ಮೇಲೆ ಒಲೆಯಿಂದ ಇದ್ದಲಿ ಆರಿಸಿಕೊಂಡು ಹೊರಗೆ ಹೋದಳು. ನಾವಿರುವುದು ಕಂಪನಿಯ ಚಾಳಿನಲ್ಲಿ. ಒಂದಕ್ಕೊಂದು ಅಂಟಿದ ಮನೆಗಳು, ರಸ್ತೆಯ ಕಡೆಗೆ ಎಲ್ಲಕ್ಕೂ ಸೇರಿ ಒಂದೇ ಉದ್ದ ಕಂಪೌಂಡು ಗೋಡೆ. ಎಷ್ಟು ಉದ್ದ ಎಂದರೆ ಈ ತುದಿಯಲ್ಲಿ ಸೀನಿದರೆ ಆ ತುದಿಗೆ ಮುಟ್ಟುವಷ್ಟರಲ್ಲಿ ನೆಗಡಿ ಕಡಿಮೆಯಾಗಿರುತ್ತದೆ. ಸಂಜೆ ಶಿವಲಿಂಗ ಬಂದಾಗ ನಮ್ಮ ಅಂಗಳದ ಬಾಗಿಲಿನ ಬಲಗಡೆ ಗೋಡೆಯ ಮೇಲೆ ಮುದಕಪ್ಪ ಆಳುದ್ದ ಮಲಗಿದ್ದ. ಬಾಯಿ ತೆರೆದೇ ಇತ್ತು.

"ಅಯ್ಯಯ್ಯೋ! ಕಂಪನಿ ಗ್ವಾಡಿ ಅದು!"

"ಹೌದಲ್ರೀ. ಹಾಕ್ರಿ ಈಗ ರದ್ದಿಗೆ."

"ಹೊಸಾ ಸಾಹೇಬ ಬಂದಾನ, ಮೈಸೂರ ಕಡಿಯಂವಾ. ಎಮ್ಮಿ ಕಟ್ಟಿದ್ದಕ್ಕ ಹಿಂದಿನ ಚಾಳಿನ್ಯಾಗ ಒಬ್ಬನ್ನ ಮನಿ ಬಿಡಿಸ್ಯಾನ. ಎಮ್ಮಿಯರ ಸೆಗಣಿ ಹಾಕ್ತತಿ, ನೀ ಏನ ಹಾಕ್ತಿ? ಅವಾ ಬಂದು ಬೈದ್ನಂದ್ರ ಇನ್ನ ಮ್ಯಾಲ ನೀ ಇದ್ದಲಿ ಮುಟ್ಟಂಗಿಲ್ಲ, ಪೆನ್ಸಿಲ್ ಮುಟ್ಟಂಗಿಲ್ಲ. ತಿಳೀತಿಲ್ಲೋ?"

ವಿದ್ಯಾವತಿ ಸೆರಗಿಗೆ ಕೈ ಒರೆಸಿಕೊಂಡಳು. "ಆಗ್ಲಿ. ಸಾಹೇಬ್ರು ಬ್ಯಾಡ ಅಂದ್ರ ಜಲ್ಮದಾಗ ಮುಟ್ಟಂಗಿಲ್ಲ. ಬೇಕು ಅಂದ್ರ ನೀವು ಅಡ್ಡ ಬರಬಾರದು. ಹೇಳ್ರಿ, ಉಳವಿ ಚನ್ನಬಸಪ್ಪನ ಆಣಿ."

"ಚನ್ನಬಸಪ್ಪನ ಆಣಿ," ಅಂದ ನನ್ನ ಮಗ. ಗೆದ್ದೇ ಬಿಟ್ಟೆ ಅನ್ನುವ ಮುಖವಿತ್ತು. ಯಾವ ಸಾಹೇಬ ತಾನೇ ಗೋಡೆಯ ಮೇಲೆ ಮುದಕಪ್ಪನನ್ನು ಬೇಕು ಅನ್ನುತ್ತಾನೆ?

ಆ ವಾರವೇ ಸಾಹೇಬ ಬಂದ. ಅಷ್ಟರಲ್ಲಿ ಗೌಳಿ ಹೆಂಗಸು, ಕಂಡಕ್ಟರ, ಬೆಕ್ಕು ಅಂತ ಗೋಡೆಯ ಮೇಲೆ ಅಲ್ಲಲ್ಲಿ ಇನ್ನೂ ಐದಾರು ಚಿತ್ರ ಎದ್ದಿದ್ದವು. ದೇವರಾಜ ಅಂತ ಹೆಸರು. ತೆಳ್ಳನ್ನ ಹುಡುಗ, ಇಸ್ತ್ರಿ ಅಂಗಿ, ಕಿವಿ ಮಾತ್ರ ಆನೆಯಿಂದ ಕಡ ತಂದ ಹಾಗೆ. ನಾನು ಹೊತ್ತಾರೆಯಿಂದ ಕಟ್ಟೆಯ ಮೇಲೆ ಕಾಯುತ್ತಿದ್ದೆ. ಬೈಯುವವನ ಬಾಯಿ ಖಾಲಿ ಇರಬಾರದು, ಅದು ನನ್ನ ಲೆಕ್ಕ.

"ಬರ್ರಿ ಸಾಹೇಬ್ರ, ಕುಂದರ್ರಿ. ಬಿಸಿ ರೊಟ್ಟಿ ಐತಿ."

"ಬೇಡಮ್ಮ, ಕೆಲಸ ಇದೆ."

"ಮುದುಕಿ ಕೈಲೆ ಒಂದು ತುತ್ತು ತಿನ್ನಂಗಿಲ್ಲೇನು? ನಾ ನಾಳೆ ಇರ್ತೇನೋ ಇಲ್ಲೋ."

ಹೀಗೆ ಅಂದರೆ ಎಂಥವನೂ ಕೂರುತ್ತಾನೆ. ಹತ್ತು ವರ್ಷದಿಂದ ಅನ್ನುತ್ತಿದ್ದೇನೆ, ದಿನಾ ಇರುತ್ತೇನೆ. ಸುಮನ ರೊಟ್ಟಿಯ ಮೇಲೆ ಬೆಣ್ಣೆ, ಅದರ ಪಕ್ಕಕ್ಕೆ ಹಣ್ಣುಮೆಣಸಿನಕಾಯಿಯ ರಂಜಕ ಹಾಕಿ ತಂದಳು. ಸಾಹೇಬ ಅದನ್ನು ಟೊಮ್ಯಾಟೊ ಚಟ್ನಿ ಅಂದುಕೊಂಡನೋ ಏನೋ, ಅರ್ಧ ರೊಟ್ಟಿಗೆ ಪೂರ್ತಿ ರಂಜಕ ಬಳಿದು ಬಾಯಿಗಿಟ್ಟ.

ಆ ಮೇಲೆ ನೋಡಬೇಕಿತ್ತು. ಕಿವಿ ಎರಡೂ ದಾಸವಾಳದ ಹೂವಾದವು. ಕಣ್ಣಿನಿಂದ ಸುಪಾ ಡ್ಯಾಮಿನ ಬಾಗಿಲು ತೆರೆದಷ್ಟು ನೀರು. ವಿದ್ಯಾವತಿ ಬಾಗಿಲ ಸಂದಿಯಿಂದ ಕಣ್ಣು ಪಿಳುಕಿಸದೆ ನೋಡುತ್ತಿದ್ದಳು. ಶಿವಲಿಂಗ ಕೈಕಟ್ಟಿಕೊಂಡು ನಿಂತಿದ್ದ. ಸಾಹೇಬ ಬೆರಳು ಮಾಡಿ ಗೋಡೆ ತೋರಿಸಿದ.

"ಗೋಡೆ... ಹಾ... ಚಿತ್ರ... ಹೂ... ಪೂರ್ತಿ ತೆಗೀಬೇಕು. ಈ ತುದಿಯಿಂದ... ನೀರು ನೀರು... ಆ ತುದಿವರೆಗೂ. ಒಂದೂ ಬಿಡಬಾರದು!"

ಒಂದು ತಂಬಿಗೆ ನೀರು ಕುಡಿದು ಮತ್ತೆ ಹೇಳಿದ: "ಮುಂದಿನ ತಿಂಗಳು ಹುಬ್ಬಳ್ಳಿಯಿಂದ ದೊಡ್ಡ ಸಾಹೇಬ್ರು ಬರ್ತಾರೆ. ಸ್ಟೋರಲ್ಲಿ ಬಣ್ಣ ಇದೆ, ಇಸ್ಕೊಳ್ಳಿ. ನಾನು ತಂಗಿ ಮದುವೆಗೆ ಊರಿಗೆ ಹೋಗ್ತಿದೀನಿ, ಬಂದು ನೋಡ್ತೀನಿ."

ಜೀಪು ಹತ್ತಿ ಬಾಯಿಗೆ ಗಾಳಿ ಹಾಕಿಕೊಳ್ಳುತ್ತ ಹೋದ.

ಮೊದಲು ಬಾಯಿ ಬಿಟ್ಟವಳು ಸುಮನ.

"ಮಮ್ಮೀ! ಪೂರ್ತಿ ಗ್ವಾಡಿ ತಗೀಬೇಕಂತ! ಈ ತುದಿಯಿಂದ ಆ ತುದೀತನಕ!"

"ಒಂದೂ ಬಿಡಬಾರದಂತ," ಅಂದ ಮುದಕಪ್ಪ. "ಅಂದ್ರ ಚಾಳಿನ್ಯಾಗಿನ ಎಲ್ಲಾರ್ನೂ ತಗೀಬೇಕು."

"ಬಣ್ಣಾನೂ ಕೊಡ್ತಾರಂತ!" ಅಂದಳು ಪಕ್ಕದ ಮನೆಯ ಕೇಸರಿಬಾಯಿ. ಕಾಯಿಪಲ್ಯ ಮಾರುವವಳು, ಬುಟ್ಟಿ ತಲೆಯ ಮೇಲೆ ಇಟ್ಟುಕೊಂಡೇ ಕುಣಿದಳು.

ವಿದ್ಯಾವತಿ ಗಂಡನ ಕಡೆಗೆ ನೋಡಿದಳು. ನನ್ನ ಮಗ ತಲೆ ಕೆರೆದುಕೊಂಡ. ಆಣೆ ಇಟ್ಟಿದ್ದನಲ್ಲ.

"ಸಾಹೇಬ್ರ ಆರ್ಡರ್ ಐತಿ," ಅಂದ. "ನಡಿ, ಬಣ್ಣಾ ತರೂಣು."

ಆ ಮೂರು ವಾರ ನಮ್ಮ ಚಾಳು ಲಗ್ನದ ಮನೆಯಾಗಿತ್ತು. ಸ್ಟೋರಿನವನು ನಮ್ಮ ಕಡೆಯವನೇ. ಚಿತ್ರ ತೆಗೆಯಲು ಬಣ್ಣ ಬೇಕು ಅಂದಾಗ ಸುಣ್ಣದ ಚೀಲ ಅತ್ತ ಸರಿಸಿ, ಲಾರಿಗೆ ಬಳಿಯುವ ಎಣ್ಣೆ ಬಣ್ಣದ ಡಬ್ಬಿಗಳನ್ನು ಕೊಟ್ಟ. ಕೆಂಪು, ಹಳದಿ, ಹಸಿರು, ನೀಲಿ. ವಿದ್ಯಾವತಿ ಡಬ್ಬಿಗಳನ್ನು ಒಲೆಯ ಪಕ್ಕ ಸಾಲಾಗಿಟ್ಟು, ನಮ್ಮ ಸುಮನ ಹುಟ್ಟಿದಾಗ ತೊಟ್ಟಿಲು ನೋಡಿದ ಹಾಗೆ ನೋಡಿದಳು.

ಅಡಿಗೆಯ ಕೆಲಸ ಶಿವಲಿಂಗನಿಗೆ ಬಂತು. ಕಂಪನಿಯ ಆರ್ಡರು ಮುಗಿಯುವವರೆಗೆ ರೊಟ್ಟಿ ತಾನೇ ಬಡಿಯುತ್ತೇನೆ ಅಂದ. ಮೊದಲ ದಿನದ ರೊಟ್ಟಿ ನೋಡಿ ಸುಮನ ಕೇಳಿದಳು:

"ಪಪ್ಪಾ, ಇದು ಗೋವಾದ ನಕಾಶಿ ಏನು?"

"ಸುಮ್ನ ತಿನ್ನು."

"ಗೋವಾ ಅಲ್ಲಬೇ, ಇದು ಪೂರಾ ಹಿಂದೂಸ್ತಾನ. ನನ್ನ ಹಲ್ಲಿಗೆ ಕಾಶ್ಮೀರ ಸಿಕ್ಕೊಂಡೈತಿ," ಅಂದೆ.

"ನೀನರ ಬಾಯಿ ಮುಚ್ಚಬೇ ಯವ್ವಾ!"

"ಮುಚ್ಚಾಕ ಬರವಲ್ದೋ, ರೊಟ್ಟಿ ಅಡ್ಡ ಐತಿ."

ಹೊರಗೆ ಬೇರೆ ಜಗಳ. ಕೇಸರಿಬಾಯಿ ತಾನು ಮಾರುವ ಸೊಪ್ಪಿನಷ್ಟು ಬಳೆ ತೊಟ್ಟು, ಟ್ರಂಕಿನಲ್ಲಿದ್ದ ಕನ್ನಡಿ ಹಚ್ಚಿದ ರವಿಕೆ ಹಾಕಿಕೊಂಡು ಬಂದು ನಿಂತಳು. ವಿದ್ಯಾವತಿ ತಲೆ ಅಲ್ಲಾಡಿಸಿದಳು.

"ಬುಟ್ಟಿ ಎಲ್ಲೈತ್ರಿ ಬಾಯಿ?"

"ಬುಟ್ಟಿ ಯಾಕ? ದಿನಾ ಹೊರತೇನಿ. ಚಿತ್ರದಾಗರ ಇಳಸು!"

"ಬುಟ್ಟಿ ಇಲ್ಲದ ನೀವು ಅಂತ ಯಾರಿಗೆ ಗುರ್ತು ಹತ್ತತೈತಿ? ದೂರಿಂದ ಬುಟ್ಟಿ ಕಂಡಕೂಡ್ಲೆ ಓಣಿ ಹುಡುಗ್ರು ಗಜ್ಜರಿ ಬಂತು ಅಂತ ಓಡಿ ಬರ್ತಾವ."

ಕೇಸರಿಬಾಯಿ ಗೊಣಗುತ್ತ ಬುಟ್ಟಿ ತಂದು ಹೊತ್ತು ನಿಂತಳು. ಎಷ್ಟು ಹೊತ್ತು ನಿಂತಳೆಂದರೆ ಬುಟ್ಟಿಯಲ್ಲಿದ್ದ ಅವರೆಕಾಯಿ ಮೊಳಕೆ ಒಡೆಯಬೇಕು. ಚಿತ್ರ ಮುಗಿದಾಗ ನೋಡಿ, ತನ್ನ ಕೆನ್ನೆಯನ್ನೊಮ್ಮೆ ಮುಟ್ಟಿ ಗೋಡೆಯ ಕೆನ್ನೆಯನ್ನೊಮ್ಮೆ ಮುಟ್ಟಿದಳು. ಬೆರಳಿಗೆ ಬಣ್ಣ ಹತ್ತಿತು. ಅದನ್ನು ದಿನವಿಡೀ ತೊಳೆಯಲಿಲ್ಲ.

ಮುದಕಪ್ಪನದು ಇನ್ನೊಂದು ರಗಳೆ.

"ನಾ ಎಚ್ಚರ ಇದ್ದಾಗ ತಗಿ ತಂಗಿ. ಊರ ಮಂದಿ ಏನಂದಾರು?"

"ಎಚ್ಚರ ಇದ್ದಾಗ ನೀವು ನಿಮ್ಮಂಗ ಕಾಣೂದಿಲ್ರಿ ಕಾಕಾ."

"ಬಾಯಿಯರ ಮುಚ್ಚಿಸು!"

"ಬಾಯಿ ಮುಚ್ಚಿದ್ರ ಗ್ವಾಡಿ ಅರ್ಧ ಉಳೀತೈತಿ, ಅಲ್ಲೆ ಮತ್ತೊಬ್ಬರ್ನ ತಗೀಬೇಕಾಕ್ಕತಿ," ಅಂದೆ ನಾನು. ಅವನು ಎರಡು ದಿನ ನನ್ನ ಕೂಡ ಮಾತಾಡಲಿಲ್ಲ. ಮೂರನೆಯ ದಿನ ಎಲೆ ಅಡಿಕೆ ಕೇಳಲು ಬಂದ.

ನನ್ನ ಚಿತ್ರ ನೋಡಿ ನನಗೂ ಸಿಟ್ಟು ಬಂತು. ಕಟ್ಟೆಯ ಮೇಲೆ ಕೂತಿದ್ದೇನೆ, ಒಂದು ಕೈ ಆಕಾಶಕ್ಕೆ, ಬಾಯಿ ಅಗಲ.

"ನನ್ನ ಬಾಯಿ ಯಾಕ ತಗದೈತಿ? ನಾನೂ ಮುದಕಪ್ಪ ಒಂದ ಏನು?"

"ಮುಚ್ಚಿದ್ದು ನೋಡೂಣಂತ ಎಂಟು ದಿನ ಕಾದೆನ್ರಿ ಅತ್ತಿ. ಸಿಗಲಿಲ್ಲ."

ಇಡೀ ಚಾಳು ನಕ್ಕಿತು. ನಾನೂ ನಕ್ಕೆ, ಏನು ಮಾಡುವುದು?

ಶಿವಲಿಂಗನಿಗೆ ಮಾತ್ರ ಹೆದರಿಕೆ ಹತ್ತಿತ್ತು. ತನ್ನನ್ನು ಹೇಗೆ ತೆಗೆಯುತ್ತಾಳೋ, ಹಮಾಲರು ನೋಡಿ ನಗುತ್ತಾರೋ ಏನೋ. ಗೋಡೆಯ ಹತ್ತಿರ ಹೋಗದೆ ಸುತ್ತು ಹಾಕಿ ಬರುತ್ತಿದ್ದ. ಒಂದು ಸಂಜೆ ಸುಮನ ಕೈಹಿಡಿದು ಎಳೆದು ತಂದಳು. ಅಲ್ಲಿ ಲಾರಿಯ ಪಕ್ಕ ಅವನು ಮೊಣಕಾಲೂರಿ ಕೂತಿದ್ದ. ಒಬ್ಬ ಹಮಾಲನ ಅಂಗೈ ಹಿಡಿದುಕೊಂಡು, ಹೊಕ್ಕಿದ್ದ ಸಿಬಿರನ್ನು ಪಿನ್ನಿನಿಂದ ಎತ್ತುತ್ತಿದ್ದ. ಹುಬ್ಬು ಗಂಟಿಕ್ಕಿತ್ತು, ನಾಲಿಗೆಯ ತುದಿ ಹೊರಗೆ ಬಂದಿತ್ತು. ಸಣ್ಣವನಿದ್ದಾಗ ಗಾಳಿಪಟ ಕಟ್ಟುವಾಗಲೂ ಹಾಗೇ ಬರುತ್ತಿತ್ತು.

"ಇದನ್ನ ಯಾವಾಗ ನೋಡಿದಿ?" ಎಂದು ಹೆಂಡತಿಯನ್ನು ಕೇಳಿದ.

"ಬುತ್ತಿ ಕೊಡಾಕ ಬಂದಾಗ."

"ಒಂದು ಮಾತು ಅನ್ನಲಿಲ್ಲಲ್ಲ."

"ಅನ್ನೂದೇನೈತಿ? ತಗದೇನಲ್ಲ."

ಆ ಸಂಜೆಯ ರೊಟ್ಟಿ ಮೊದಲ ಬಾರಿಗೆ ದುಂಡಗಿತ್ತು. ಖರೆ ಹೇಳಬೇಕೆಂದರೆ ಸ್ವಲ್ಪ ಸೊಟ್ಟಗಿತ್ತು.

ಗೋಡೆಯ ಕೊನೆಯ ತುದಿಯಲ್ಲಿ ಒಂದಿಷ್ಟು ಜಾಗ ಉಳಿದಿತ್ತು. "ಆರ್ಡರ್ ಕೊಟ್ಟಾವನ್ನ ಬಿಡಬಾರದಬೇ," ಅಂದೆ. ವಿದ್ಯಾವತಿ ದೇವರಾಜ ಸಾಹೇಬನನ್ನೂ ಕೂರಿಸಿದಳು. ಕೈಯಲ್ಲಿ ಅರ್ಧ ರೊಟ್ಟಿ, ಎರಡೂ ಕೆಂಪು ಕಿವಿ, ಕೆನ್ನೆಯ ಮೇಲೆ ಕಾಳಿ ನದಿಯಷ್ಟು ಕಣ್ಣೀರು. ಪಕ್ಕದಲ್ಲಿ ತಂಬಿಗೆ.

ದೊಡ್ಡ ಸಾಹೇಬ ಬರುವ ದಿನ ಹೊತ್ತಾರೆಯೇ ನಾವೆಲ್ಲ ಮಿಂದು, ಒಳ್ಳೆಯ ಅರಿವೆ ಉಟ್ಟು, ಒಬ್ಬೊಬ್ಬರೂ ತಮ್ಮ ತಮ್ಮ ಚಿತ್ರದ ಮುಂದೆ ನಿಂತಿದ್ದೆವು. ಗುರುತು ಹತ್ತಲಿ ಅಂತ. ಮುದಕಪ್ಪ ಮಲಗಲೋ ನಿಲ್ಲಲೋ ಎಂದು ಕೇಳುತ್ತಿದ್ದ. ಆಗ ದೇವರಾಜ ಸಾಹೇಬನ ಜೀಪು ಬಂತು. ಇಳಿದ. ನೋಡಿದ. ಈ ತುದಿಯಿಂದ ಆ ತುದಿಯವರೆಗೆ ನೋಡಿದ. ಜೀಪಿನ ಬಾಗಿಲು ಹಿಡಿದುಕೊಂಡ.

"ಏನ್ರೀ ಇದು! ಚಿತ್ರ ತೆಗೀರಿ ಅಂತ ಹೇಳಿದ್ನಲ್ಲ!"

"ತಗದೇವಲ್ರೀ ಸಾಹೇಬ್ರ," ಎಂದ ಶಿವಲಿಂಗ ಎದೆ ಉಬ್ಬಿಸಿ. "ಈ ತುದಿಯಿಂದ ಆ ತುದೀತನಕ. ಒಂದೂ ಬಿಟ್ಟಿಲ್ಲ."

"ಎಲ್ರೀ ತೆಗ್ದಿದೀರಾ? ಇನ್ನೂ ಬಿಡಿಸಿದೀರಲ್ರೀ!"

"ಯಾರನ್ನ ಬಿಡಿಸೇವ್ರಿ? ಯಾರ್ನೂ ಬಿಡಿಸಿಲ್ರಿ. ಎಲ್ಲಾರೂ ಅದಾರ. ಎಣಿಸಿ ನೋಡ್ರಿ ಬೇಕಾದ್ರ."

ಸಾಹೇಬ ತಲೆ ಹಿಡಿದುಕೊಂಡು ಕಟ್ಟೆಯ ಮೇಲೆ ಕುಸಿದ. ಸುಮನ ಮಾತ್ರ ಬಾಯಿಗೆ ಕೈ ಅಡ್ಡ ಹಿಡಿದಳು. ಕಾಲೇಜು ಕಲಿತದ್ದು ಅವತ್ತು ಒಂದು ದಿನ ಉಪಯೋಗಕ್ಕೆ ಬಂತು.

"ಅಯ್ಯೋ ಅಜ್ಜೀ... ಅವರ ಕಡೆ ಚಿತ್ರಾ 'ಬಿಡಸೂದು' ಅಂದ್ರ ನಮ್ಮ ತಗಿಯೂದು. 'ತೆಗೀರಿ' ಅಂದ್ರ ಅಳಸ್ರಿ ಅಂತ!"

ನೋಡಿ, ನಾವು ಬಾಗಿಲು ತೆಗೆಯುತ್ತೇವೆ, ಕಸ ತೆಗೆಯುತ್ತೇವೆ, ಒಬ್ಬರ ಮೇಲೊಬ್ಬರು ಜಗಳ ತೆಗೆಯುತ್ತೇವೆ. ಆದರೆ ಚಿತ್ರ ತೆಗಿ ಅಂದರೆ ಇದ್ದಲಿ ಹಿಡಿಯುವುದೇ. ನನ್ನ ಅಜ್ಜಿಯ ಅಜ್ಜಿಯೂ ಹಾಗೇ ಅಂದವಳು. ಇದರಲ್ಲಿ ನಮ್ಮದೇನು ತಪ್ಪು?

ಚಾಳಿನ ಮುಖ ಬಾಡಿತು. ಶಿವಲಿಂಗನ ಎದೆಯೊಳಗಿನ ಗಾಳಿ ಹೋಯಿತು. ಸಾಹೇಬ ಗಡಿಯಾರ ನೋಡಿಕೊಂಡ.

"ಕಂಪನಿ ಗೋಡೆ ಮೇಲೆ ಏನೂ ಇರ್ಬಾರ್ದು ಅಂತ ದೊಡ್ಡ ಸಾಹೇಬ್ರು ಖಡಾಖಂಡಿತ. ಇನ್ನೇನು ಬಂದ್ಬಿಡ್ತಾರೆ. ಸುಣ್ಣ ತನ್ನಿ, ಹೊಡೀರಿ ಬೇಗ!"

ಸ್ಟೋರಿನಿಂದ ಸುಣ್ಣ ಬಂತು. ಬಕೆಟ್ಟಿನಲ್ಲಿ ಕಲಸಿ ಇಟ್ಟರು. ಕುಂಚ ಅದರಲ್ಲಿ ನಿಂತೇ ಇತ್ತು. ಯಾರೂ ಮುಂದೆ ಬರಲಿಲ್ಲ.

"ನನ್ನ ಮಾರಿಗೆ ನಾನ ಸುಣ್ಣಾ ಬಳಕೊಳ್ಳೇನು?" ಎಂದಳು ಕೇಸರಿಬಾಯಿ. ಬುಟ್ಟಿ ನೆಲಕ್ಕಿಟ್ಟುಬಿಟ್ಟಿದ್ದಳು.

ವಿದ್ಯಾವತಿ ಬಂದಳು. ಗಂಡನ ಮುಂದೆ ನಿಂತು ಸೆರಗಿನ ಗಂಟು ಬಿಚ್ಚಿ, ಅದರಲ್ಲಿದ್ದ ಇದ್ದಲಿ ತುಂಡು, ಮೊಂಡು ಪೆನ್ಸಿಲು ಎರಡನ್ನೂ ಅವನ ಕೈಯಲ್ಲಿಟ್ಟಳು.

"ಸಾಹೇಬ್ರು ಬ್ಯಾಡ ಅಂದ್ರು. ಮಾತು ಅಂದ್ರ ಮಾತು."

ಕುಂಚ ಎತ್ತಿ ಮುದಕಪ್ಪನಿಂದ ಶುರು ಮಾಡಿದಳು. ಶಿವಲಿಂಗ ಕೈಯಲ್ಲಿದ್ದ ಇದ್ದಲಿ ನೋಡುತ್ತ ನಿಂತ. ಗೆದ್ದಿದ್ದ, ಮುಖ ಮಾತ್ರ ಮೂರು ದಿನ ಉಪವಾಸ ಇದ್ದವನದು.

ಆದರೆ ಲಾರಿಯ ಎಣ್ಣೆ ಬಣ್ಣದ ಮೇಲೆ ಸುಣ್ಣ ನಿಲ್ಲುತ್ತದೆಯೇ? ಬಳಿದದ್ದೆಲ್ಲ ಜಾರಿ ಜಾರಿ ಮುದಕಪ್ಪನ ಗದ್ದಕ್ಕೆ ಬಂದು ನಿಂತಿತು. ನೋಡುನೋಡುತ್ತಿದ್ದಂತೆ ಅವನಿಗೆ ನೆಲದವರೆಗೆ ಬಿಳಿ ಗಡ್ಡ ಬಂತು.

"ಯಪ್ಪಾ, ಋಷಿಮುನಿ ಆದ್ನಲ್ಲೋ!" ಅಂದೆ. ಅಳಬೇಕಾದವರೆಲ್ಲ ನಕ್ಕರು. ಮುದಕಪ್ಪನೂ ನಕ್ಕ.

"ಕೊಡಮ್ಮ ಇಲ್ಲಿ," ಅಂತ ದೇವರಾಜ ಸಾಹೇಬ ತಾನೇ ಕುಂಚ ಕಸಿದುಕೊಂಡ.

"ಸಾಹೇಬ್ರ," ಅಂದೆ ನಾನು, "ನೀವು ಆ ತುದಿಯಿಂದ ಬಳಕೋಂತ ಬರ್ರಿ. ಅಲ್ಲಿ ನೆಳ್ಳ ಐತಿ."

ಪಾಪ, ನಂಬಿ ಹೋದ. ಕುಂಚ ಎತ್ತಿದವನು ಹಾಗೇ ನಿಂತ. ರೊಟ್ಟಿ, ಕಿವಿ, ಕಣ್ಣೀರು, ತಂಬಿಗೆ. ಕುಂಚದಿಂದ ಸುಣ್ಣ ಅವನ ಬೂಟಿನ ಮೇಲೆ ತೊಟ್ಟಿಕ್ಕಿತು. ಬಹಳ ಹೊತ್ತು ನೋಡಿದ. ಮೆಲ್ಲಗೆ ಕೈಯೆತ್ತಿ ತನ್ನ ಕಿವಿ ಮುಟ್ಟಿಕೊಂಡ.

"ಇಷ್ಟು ದೊಡ್ಡದಾ?"

"ಇದ್ದದ್ದಕ್ಕಿಂತ ಸಣ್ಣವ ತಗದಾಳ್ರೀ," ಅಂದೆ.

ಅವನ ಭುಜ ಅಲುಗಿತು. ಮೊದಲು ಸಿಟ್ಟು ಅಂದುಕೊಂಡೆ. ಆಮೇಲೆ ನಗೆಯ ಶಬ್ದ ಬಂತು. ಕುಂಚ ಕೆಳಗಿಟ್ಟು ಕಿಸೆಗೆ ಕೈ ಹಾಕಿ ಮೊಬೈಲು ಎಳೆದ.

"ನಮ್ಮಮ್ಮಂಗೆ ತೋರಿಸ್ಬೇಕು. ತಡೀರಿ, ತೆಗೀತೀನಿ."

ಇಡೀ ಚಾಳು ಹೌಹಾರಿತು. "ತೆಗೀಬ್ಯಾಡ್ರೀ ಸಾಹೇಬ್ರ!" ಎಂದು ಶಿವಲಿಂಗ ಅಡ್ಡ ನಿಂತುಬಿಟ್ಟ. ಕೈ ಎರಡೂ ಅಗಲ ಮಾಡಿ, ಬೆನ್ನು ಗೋಡೆಗೆ ಹಚ್ಚಿ. ನನ್ನ ಮಗ! ರದ್ದಿಗೆ ಹಾಕಿದವನು!

"ಫೋಟೋ ಕಣ್ರೀ! ಫೋಟೋ ತೆಗೀತೀನಿ ಅಂದೆ!"

"ಹಂಗಂತ ಬಿಡಿಸಿ... ಅಲ್ಲ, ತಗದು... ಏನರ ಒಂದು ಸರ್ಯಾಗಿ ಹೇಳ್ರೆಪಾ!" ಅಂದೆ ನಾನು.

ಆಗಲೇ ಆ ಮೊಬೈಲು ಕೂಗಿತು. ಸಾಹೇಬ ಕಿವಿಗೆ ಹಿಡಿದು ಬೆಳ್ಳಗಾದ. ದೊಡ್ಡ ಸಾಹೇಬನ ಕಾರು ಊರೊಳಗೆ ಬಂದಿತ್ತಂತೆ.

ನನ್ನ ಕಣ್ಣು ಮುದಕಪ್ಪನ ಕಟ್ಟೆಯ ಮೇಲೆ ಬಿತ್ತು. ಚಳಿ ಬಿದ್ದಿತ್ತಲ್ಲ, ಅಲ್ಲಿ ಅವನ ಕೌದಿ ಬಿಸಿಲಿಗೆ ಹರವಿತ್ತು. ಹಳೆಯ ಸೀರೆ ಧೋತರ ಹೊಲಿದ ಕೌದಿ, ನಮ್ಮಲ್ಲಿ ಯಾರ ಮನೆಯಲ್ಲಿಲ್ಲ?

"ಕೌದಿ ತರ್ರ್ಯೋ!" ಎಂದು ಕೂಗಿದೆ. ಆ ಕೂಗಿಗೆ ಕುಳಗಿ ಕಾಡಿನ ಹುಲಿ ಎದ್ದು ಕೂತಿರಬೇಕು. "ಎಲ್ಲಾರ ಮನ್ಯಾಗಿನ ಕೌದಿ ಹೊರಗ ತರ್ರಿ! ಗ್ವಾಡಿ ಮ್ಯಾಲ ಒಣಾ ಹಾಕ್ರಿ!"

ಓಡಿದರು ನೋಡಿ. ಸುಮನ ಗೋಡೆಯ ಮೇಲೆ ಹತ್ತಿದಳು, ಕೇಸರಿಬಾಯಿ ಕೆಳಗಿನಿಂದ ಎಸೆದಳು, ಕಾಲು ಕುಂಟುವ ಮುದಕಪ್ಪ ಎರಡು ಕೌದಿ ಹೊತ್ತು ಕುದುರೆಯ ಹಾಗೆ ಬಂದ. ಶಿವಲಿಂಗ ಮತ್ತು ದೇವರಾಜ ಸಾಹೇಬ ಒಂದೊಂದು ತುದಿ ಹಿಡಿದು ಎಳೆದು ಕಲ್ಲು ಹೇರಿದರು. ಈ ತುದಿಯಿಂದ ಆ ತುದಿಯವರೆಗೆ ಗೋಡೆ ಕೌದಿಯಾಯಿತು. ನಮ್ಮದೊಂದು ಕೌದಿ ಗಿಡ್ಡ ಬಿತ್ತು, ಸಾಹೇಬನ ತಂಬಿಗೆ ಕೆಳಗೆ ಕಾಣುತ್ತಿತ್ತು. ಅದರ ಮುಂದೆ ನಾನೇ ಕುಂತೆ.

ಕಾರು ಬಂತು. ಕರೀ ಗಾಜು ಏರಿಸಿತ್ತು. ನಿಲ್ಲಲಿಲ್ಲ, ಗಾಜು ಇಳಿಸಲಿಲ್ಲ. ಒಂದು ಸೀನು ಸೀನುವಷ್ಟರಲ್ಲಿ ಧೂಳೆಬ್ಬಿಸಿ ಗಿರಣಿಯ ಕಡೆಗೆ ಹೋಗಿಯೇಬಿಟ್ಟಿತು.

"ಇಷ್ಟನ?" ಎಂದ ಮುದಕಪ್ಪ. "ನಾ ಮಿಂದು ಬಂದಿದ್ನೆಲ್ಲೋ!"

ದೇವರಾಜ ಸಾಹೇಬ ಬೆವರು ಒರೆಸಿಕೊಂಡು, ಕಾರಿನ ಹಿಂದೆ ಹೋಗಲು ಜೀಪು ಹತ್ತಿದ. ಶಿವಲಿಂಗ ಓಡಿ ಹೋಗಿ ಜೀಪಿನ ಬಾಗಿಲು ಹಿಡಿದುಕೊಂಡ.

"ಸಾಹೇಬ್ರ, ಒಂದು ಮಾತು ಹೇಳಿ ಹೋಗ್ರಿ. ಚಿತ್ರಾ ಬೇಕೋ ಬ್ಯಾಡೋ? ತಗೀ ಬಿಡಸು ಅನಬ್ಯಾಡ್ರಿ. ಬೇಕೋ, ಬ್ಯಾಡೋ?"

ವಿದ್ಯಾವತಿ ಅಲ್ಲೇ ನಿಂತಿದ್ದಳು. ಕೈಯೆಲ್ಲ ಸುಣ್ಣ. ಸಾಹೇಬ ಅವಳನ್ನು ನೋಡಿದ, ನನ್ನ ಬೆನ್ನ ಹಿಂದಿನ ತಂಬಿಗೆ ನೋಡಿದ.

"ಇರ್ಲಿ," ಅಂದ. "ದೊಡ್ಡ ಸಾಹೇಬ್ರು ಬಂದಾಗ್ಲೆಲ್ಲ ಕೌದಿ ಹಾಕಿ. ನಾಳೆ ನಮ್ಮಮ್ಮನ ಫೋಟೋ ತರ್ತೀನಿ, ಅವರನ್ನೂ... ಅದೇ, ನಿಮ್ಮ ಭಾಷೇಲಿ... ತೆಗೀರಿ."

ಜೀಪು ಹೋದ ಮೇಲೆ ಒಂದೊಂದೇ ಕೌದಿ ಇಳಿಸಿದೆವು. ಮಾರಿಗಳೆಲ್ಲ ಮತ್ತೆ ಬಿಸಿಲಿಗೆ ಬಂದವು. ಶಿವಲಿಂಗ ಈ ತುದಿಯಿಂದ ಆ ತುದಿಗೆ ನಡೆದು ಎಲ್ಲರನ್ನೂ ನೋಡಿದ. ತಿರುಗಿ ಬಂದು ಹೆಂಡತಿಯ ಮುಂದೆ ನಿಂತ.

"ಒಂದೂ ಬಿಡಬಾರದು ಅಂದಿದ್ರಲ್ಲ. ಒಬ್ಬರ್ನ ಬಿಟ್ಟೀಯಲ್ಲ?"

"ಯಾರ್ನ?" ವಿದ್ಯಾವತಿ ಗಾಬರಿಯಾಗಿ ಬೆರಳು ಮಡಚಿ ಎಣಿಸತೊಡಗಿದಳು.

ನನ್ನ ಚಿತ್ರಕ್ಕೂ ಶಿವಲಿಂಗನ ಚಿತ್ರಕ್ಕೂ ನಡುವೆ ಒಂದಿಷ್ಟು ಖಾಲಿ ಜಾಗವಿತ್ತು. ಅವನು ಅಲ್ಲಿಗೆ ಹೋಗಿ, ಕಿಸೆಯಲ್ಲಿಟ್ಟುಕೊಂಡಿದ್ದ ಇದ್ದಲಿಯಿಂದ ಒಂದು ದುಂಡನೆಯ ಗೆರೆ ಎಳೆದ. ಹುಬ್ಬು ಗಂಟಿಕ್ಕಿತ್ತು, ನಾಲಿಗೆಯ ತುದಿ ಹೊರಗೆ ಬಂದಿತ್ತು.

"ಏನ್ರೀ ಅದು?" ಎಂದಳು ವಿದ್ಯಾವತಿ.

"ನೀನ."

"ನನ್ನ ಮಾರಿ ಕುಂಬಳಕಾಯಿ ಇದ್ದಂಗೈತೇನು?"

"ಅಲ್ಲಾಡಬ್ಯಾಡ. ಹಂಗ ನಿಂದರು. ತಗಿಯಾಕತ್ತೇನಿ."

ಒಳಗಿನಿಂದ ರೊಟ್ಟಿ ಸೀದ ವಾಸನೆ ಬಂತು. ಕೌದಿ ಒಳಗಿಡಲು ಹೋದಾಗ ಹಂಚಿನ ಮೇಲೆ ಅವನೇ ಹಾಕಿಟ್ಟು ಬಂದದ್ದು. ಯಾರೂ ಒಳಗೆ ಹೋಗಲಿಲ್ಲ.